ಭಾನುವಾರದ ಮೋಡಗಳು

ಹವಾಮಾನ ಕೇಂದ್ರದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ನನ್ನನ್ನು ಕೇಳಿದಳು: "ಮೇಡಂ, ಮೆಷೀನ್ ಇಲ್ದಿರೋ ಕಾಲ್ದಲ್ಲಿ ನೀವು ದಿನಾ ಏನ್ ಮಾಡ್ತಿದ್ರಿ?"

"ಮೋಡ ನೋಡ್ತಿದ್ದೆ ಕಣಮ್ಮ" ಅಂದೆ. ಅವಳು ನಕ್ಕುಬಿಟ್ಟಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳೋ ಏನೋ. ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ನಾನು ಮಾಡಿದ ಒಂದು ತಪ್ಪು ಇದೆ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಎಷ್ಟು ಒದ್ದಾಡಿದೆ ಎಂಬುದೂ ಇದೆ.

ನನ್ನ ಹೆಸರು ರತ್ನಮ್ಮ. ಹುಟ್ಟಿದ್ದು ಮಂಚೇನಹಳ್ಳಿ, ಮದುವೆಯಾಗಿ ಬಂದದ್ದು ಜಂಗಮಕೋಟೆಗೆ. ಕೆಲಸ ಸಿಕ್ಕಿದ್ದು ಶಿಡ್ಲಘಟ್ಟದ ಕಡೆಯ ಒಂದು ಸಣ್ಣ ಕೃಷಿ ಕ್ಷೇತ್ರದ ಹವಾಮಾನ ಕೇಂದ್ರದಲ್ಲಿ. ಕ್ಷೇತ್ರದ ಹೆಸರು ಬರೆಯುವುದಿಲ್ಲ. ನಾನು ಮಾಡಿದ್ದಕ್ಕೆ ಈಗ ಅಲ್ಲಿರುವವರು ಯಾಕೆ ಮುಜುಗರಪಡಬೇಕು? ಕೇಂದ್ರ ಎಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ತಂತಿ ಬೇಲಿಯೊಳಗೆ ಹುಲ್ಲು ಕತ್ತರಿಸಿದ ಚೌಕ ಜಾಗ, ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕಗಳು, ಒಂದು ಮಳೆ ಮಾಪಕ, ಗಾಳಿಯ ದಿಕ್ಕು ತೋರುವ ಬಾಣ. ಪಕ್ಕದಲ್ಲಿ ಒಂದು ಕೋಣೆ. ಆ ಕೋಣೆಯ ಹಿರಿಯರು ನಾರಾಯಣಸ್ವಾಮಿ ಸಾರ್. ನಾನು ಮತ್ತು ಇನ್ನೊಬ್ಬ ವೀಕ್ಷಕರು ಅವರ ಕೈಕೆಳಗೆ.

ಮೊದಲ ದಿನ ಸಾರ್ ನನ್ನನ್ನು ಹುಲ್ಲಿನ ಮಧ್ಯೆ ನಿಲ್ಲಿಸಿ, "ಮೋಡ ಎಷ್ಟಿದೆಯಮ್ಮ?" ಎಂದು ಕೇಳಿದರು.

"ತುಂಬಾ ಇದೆ ಸಾರ್."

"ತುಂಬಾ ಅನ್ನೋದು ಮದುವೆ ಮನೇಲಿ ಹೇಳೋ ಮಾತು. ನಮಗೆ ಎಂಟರಲ್ಲಿ ಎಷ್ಟು ಅಂತ ಬೇಕು. ಆಕಾಶನ ಅಂಗಳ ಅನ್ಕೋ. ಚದುರಿರೋ ಮೋಡನೆಲ್ಲ ಒಂದು ಮೂಲೆಗೆ ಗುಡಿಸು. ಅಂಗಳನ ಎಂಟು ಪಾಲು ಮಾಡಿದ್ರೆ ಎಷ್ಟು ಪಾಲು ಮುಚ್ತು?"

ನಾನು ಮನಸ್ಸಿನಲ್ಲೇ ಗುಡಿಸಿ ಏಳು ಅಂದೆ. ಸಾರ್ ನಾಲ್ಕು ಅಂದರು. ಅರ್ಧಕ್ಕರ್ಧ ವ್ಯತ್ಯಾಸ! ನನಗೆ ಅಳುವೇ ಬಂತು.

"ಅಳಬೇಡಮ್ಮ, ಎಲ್ರೂ ಏಳೇ ಅಂತಾರೆ. ದೂರದ ಮೋಡ ಒಂದರ ಹಿಂದೆ ಒಂದು ನಿಂತ್ಕೊಂಡು ಸಂದು ಮುಚ್ಚಿಬಿಡ್ತವೆ. ಸಂದು ಇರ್ತದೆ, ನಮಗೆ ಕಾಣಲ್ಲ ಅಷ್ಟೆ. ನೆತ್ತಿ ಮೇಲಿರೋದನ್ನ ಪೂರ್ತಿ ನಂಬು, ಅಂಚಿನಲ್ಲಿರೋದನ್ನ ಅರ್ಧ ನಂಬು."

ಸರಿಯಾಗಿ ನೋಡಬೇಕಾದರೆ ಅಂಗಾತ ಮಲಗಿ ನೋಡಬೇಕು ಎಂದೂ ಹೇಳಿದರು. ಹೊಸ ಸೀರೆ ಉಟ್ಟುಕೊಂಡು ಹೋದ ಹೆಂಗಸು ಹುಲ್ಲಿನ ಮೇಲೆ ಅಂಗಾತ ಮಲಗುವುದು ಹೇಗೆ? ಕಳೆ ಕೀಳುತ್ತಿದ್ದ ಹೆಂಗಸರು ಆಗಲೇ ಬಾಯಿಗೆ ಸೆರಗು ಹಚ್ಚಿಕೊಂಡಿದ್ದರು. ಸಾರ್ ಮರುದಿನವೇ ಹಳೆಯ ಬಾಗಿಲೊಂದರಿಂದ ಒರಗಿಕೊಳ್ಳುವ ಬೆಂಚು ಮಾಡಿಸಿ ಕೋಣೆಯ ಹಿಂದೆ ಹಾಕಿಸಿದರು. ನನ್ನ ಇಡೀ ನೌಕರಿಯಲ್ಲಿ ಮೇಲಧಿಕಾರಿಯೊಬ್ಬರು ನನಗೆ ಮಾಡಿಕೊಟ್ಟ ಅತಿ ದೊಡ್ಡ ಅನುಕೂಲ ಅದು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ನಾನು ಅದರ ಮೇಲೆ ಒರಗಿ ಆಕಾಶ ಗುಡಿಸುತ್ತಿದ್ದೆ.

ನಮ್ಮ ಸೀಮೆಯ ಮೋಡಗಳ ಸ್ವಭಾವವೇ ಬೇರೆ. ಆಷಾಢದಲ್ಲಿ ಪಡುವಣ ಗಾಳಿ ಘಟ್ಟದ ಆ ಕಡೆಯೇ ಮಳೆಯನ್ನೆಲ್ಲ ಸುರಿಸಿ, ಇಲ್ಲಿಗೆ ಬರುವ ಹೊತ್ತಿಗೆ ಕೈ ಖಾಲಿ ಮಾಡಿಕೊಂಡಿರುತ್ತದೆ. ಅದರ ಜೊತೆ ತಗ್ಗಿನಲ್ಲಿ ಓಡುವ ಮೋಡಗಳು ಬರುತ್ತವೆ. ಎತ್ತರಕ್ಕೆ ಬೆಳೆಯುವುದಿಲ್ಲ, ಗುಡುಗುವುದಿಲ್ಲ, ಬಿದ್ದರೆ ನಾಲ್ಕು ಹನಿ ತುಂತುರು. ಸಾರ್ ಅವುಗಳನ್ನು 'ಕುಳ್ಳ ಮೋಡ' ಎಂದು ಕರೆಯುತ್ತಿದ್ದರು. ಜನ ಬಯ್ಯುತ್ತಿದ್ದರು, ಸಾರ್‌ಗೆ ಮಾತ್ರ ಅವುಗಳ ಮೇಲೆ ಅಕ್ಕರೆ.

"ಮಳೆ ಮೋಡ ನೋಡೋಕೆ ಊರೇ ನಿಂತಿರ್ತದೆ ರತ್ನಮ್ಮ. ಈ ಕುಳ್ಳ ಮೋಡಗಳಿಗೆ ನಾವೇ ದಿಕ್ಕು" ಅನ್ನುತ್ತಿದ್ದರು.

ಸರ್ಕಾರದ ರಿಜಿಸ್ಟರಿನಲ್ಲಿ ಮೋಡದ ಪ್ರಮಾಣಕ್ಕೆ ಒಂದು ಅಂಕಿ, ಜಾತಿಗೆ ಒಂದು ಅಂಕಿ. ಅಷ್ಟೇ ಜಾಗ. ಸಾರ್‌ಗೆ ಅಷ್ಟು ಸಾಲುತ್ತಿರಲಿಲ್ಲ. ಮೋಡ ಎಷ್ಟಿದೆ ಅನ್ನುವುದರ ಜೊತೆಗೆ ಅದು ಹೇಗೆ ಕೂತಿದೆ ಎಂಬುದೂ ಬೇಕು ಅನ್ನುತ್ತಿದ್ದರು. ಅದಕ್ಕೆ ನಾಲ್ಕು ಹೆಸರು ಇಟ್ಟುಕೊಂಡಿದ್ದರು. ಗಾಳಿಯ ದಿಕ್ಕಿಗೇ ಪಟ್ಟಿ ಪಟ್ಟಿಯಾಗಿ ನಿಂತರೆ 'ಸಾಲು'. ಹೊಲದಲ್ಲಿ ಗೊಬ್ಬರ ಸುರಿದಂತೆ ಅಲ್ಲೊಂದು ಇಲ್ಲೊಂದು ಗುಡ್ಡೆ ಇದ್ದರೆ 'ಕುಪ್ಪೆ'. ಸಂದೇ ಇಲ್ಲದೆ ಮುಚ್ಚಿಕೊಂಡಿದ್ದರೆ 'ಹಾಸು'. ಹಾಸಿನಲ್ಲಿ ತೂತು ಬಿದ್ದು ನೀಲಿ ಕಂಡರೆ 'ಜರಡಿ'. ದಿನವೂ ಒಂದು ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ದುಂಡಗೆ ಆಕಾಶ ಬರೆದು, ಅದರೊಳಗೆ ಮೋಡದ ಚಿತ್ರ ಗೀಚಿ, ಪಕ್ಕದಲ್ಲಿ ಹೆಸರು ಮತ್ತು ಅಂಕಿ ಹಾಕಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿ ಆ ಪುಸ್ತಕ ನೋಡಿ ಕೆಂಡವಾದರು. "ಇದೇನ್ರೀ ಡ್ರಾಯಿಂಗ್ ಕ್ಲಾಸಾ? ಯಾವ ನಿಯಮದಲ್ಲಿದೆ ಇದು?" ಎಂದು ಗದರಿದರು. ಸಾರ್ ಕೈಕಟ್ಟಿ ನಿಂತು "ಆಯ್ತು ಸಾರ್, ನಿಲ್ಲಿಸ್ತೀವಿ ಸಾರ್" ಅಂದರು. ಅಧಿಕಾರಿಯ ಜೀಪು ಗೇಟು ದಾಟಿದ್ದೇ ತಡ, ನನ್ನ ಕಡೆ ತಿರುಗಿ, "ಸರ್ಕಾರದ ಪುಸ್ತಕದಲ್ಲಿ ನಿಲ್ಲಿಸಿದ್ವಿ. ನಾಳೆಯಿಂದ ನಮ್ಮ ಸ್ವಂತ ಪುಸ್ತಕದಲ್ಲಿ ಬರೆಯಣ" ಅಂದರು. ಮರುದಿನ ಶಿಡ್ಲಘಟ್ಟದ ಅಂಗಡಿಯಿಂದ ದಪ್ಪ ರಟ್ಟಿನ ನೋಟ್‌ಬುಕ್ಕು ತಂದರು. ಅಂಥವು ನನ್ನ ನಿವೃತ್ತಿಯ ಹೊತ್ತಿಗೆ ಒಂದು ಟ್ರಂಕು ತುಂಬಿದ್ದವು.

ಬರೆಯುತ್ತಾ ಹೋದಂತೆ ನನಗೂ ನೋಡುವ ಕಣ್ಣು ಬಂತು. ಗಾಳಿ ಜೋರಾಗಿ ಒಂದೇ ಕಡೆಯಿಂದ ಬೀಸಿದ ದಿನ ಸಾಲು ಬೀಳುತ್ತದೆ. ಬೆಳಿಗ್ಗೆಯ ಹಾಸು ಬಿಸಿಲೇರಿದ ಮೇಲೆ ಒಡೆದು ಕುಪ್ಪೆಯಾಗುತ್ತದೆ. ಎಲ್ಲಕ್ಕಿಂತ ಚೆಂದದ್ದನ್ನು ಕಂಡುಹಿಡಿದವರು ಸಾರ್. ಹಾಸು ಸ್ವಲ್ಪ ತುಂತುರು ಉದುರಿಸಿತೋ, ಅಲ್ಲೇ ಹರಿಯಲು ಶುರುವಾಗಿ ಜರಡಿಯಾಗುತ್ತದೆ ಎಂದರು. ತುಂತುರು ಬಿದ್ದ ಜಾಗದಿಂದ ತಣ್ಣನೆ ಗಾಳಿ ನಮ್ಮ ಕಾಲಿಗೆ ಬಡಿಯುತ್ತಿತ್ತು. ಆಮೇಲೆ ಹೊಸ ಮೋಡ ಆ ಜಾಗದ ಸುತ್ತ ಬಳೆಯ ಹಾಗೆ ಏಳುತ್ತಿತ್ತು. "ಯಾಕೆ ಸಾರ್?" ಎಂದು ಕೇಳಿದರೆ, "ಯಾಕೆ ಅನ್ನೋದು ಓದಿದವರಿಗೆ ಬಿಡು. ಆಯ್ತು ಅನ್ನೋದನ್ನ ನಾವು ಬರೆದಿಡಣ" ಎನ್ನುತ್ತಿದ್ದರು.

ಮನೆಯಲ್ಲಿ ನನ್ನ ಕೆಲಸಕ್ಕೆ ಇಷ್ಟು ಮರ್ಯಾದೆ ಇರಲಿಲ್ಲ. ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ನಮ್ಮ ಅತ್ತೆ ಮುನಿಯಮ್ಮನವರು ಹುಳು ಸಾಕುವುದರಲ್ಲಿ ಎತ್ತಿದ ಕೈ. ಹುಳುವಿನ ಮೈಬಣ್ಣ ನೋಡಿ ಅದು ಯಾವ ಹೊತ್ತಿಗೆ ಸೊಪ್ಪು ತಿನ್ನುವುದು ಬಿಡುತ್ತದೆ ಎಂದು ಹೇಳುತ್ತಿದ್ದರು. ಅಂಥವರಿಗೆ ಮೋಡ ನೋಡುವುದು ಒಂದು ಕೆಲಸ ಎಂದು ಒಪ್ಪಿಸುವುದು ಹೇಗೆ? "ಏಮೋನಮ್ಮಾ, ಕತ್ತೆತ್ತಿ ಕೂತ್ಕೊಳಕ್ಕೆ ಆಫೀಸ್ ಬೇರೆ ಕೇಡು" ಎಂದು ತೆಲುಗು ಕನ್ನಡ ಬೆರೆಸಿ ಆಡಿಕೊಳ್ಳುತ್ತಿದ್ದರು.

ಒಂದು ಸಲ ಹುಳು ಹಣ್ಣಾಗಿದ್ದವು. ಅಂದರೆ ಗೂಡು ಕಟ್ಟುವುದಕ್ಕೆ ಸಿದ್ಧವಾಗಿದ್ದವು. ಆ ಹೊತ್ತಿಗೆ ಅವುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರು ತಟ್ಟಿಯ ಮೇಲೆ ಬಿದಿರಿನ ಪಟ್ಟಿ ಸುತ್ತಿರುತ್ತಾರಲ್ಲ, ಅದೇ ಚಂದ್ರಿಕೆ. ಆಗ ಗಾಳಿ ಒಣಗಿರಬೇಕು, ತೇವ ಇದ್ದರೆ ಗೂಡು ಕೆಡುತ್ತದೆ. ಅತ್ತೆ ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಕೇಳಿದರು: "ಏನಮ್ಮಾ, ನಾಳೆ ಬಿಸ್ಲು ಬರ್ತದಾ?"

ನನಗೆ ಹೆಮ್ಮೆ ತಲೆಗೇರಿತು. "ಸಾಲು ಬಿದ್ದಿದೆ ಅತ್ತೆ, ನಾಳೆ ಬಿಸಿಲೇ" ಎಂದು ಠೀವಿಯಿಂದ ಹೇಳಿದೆ. ಅತ್ತೆ ಚಂದ್ರಿಕೆಗಳನ್ನೆಲ್ಲ ಹೊರಗಿನ ಚಪ್ಪರಕ್ಕೆ ಹಾಕಿಸಿದರು. ಮರುದಿನ ಬೆಳಗಾದರೆ ಹಾಸು! ಇಡೀ ದಿನ ಜಿಟಿಜಿಟಿ ತುಂತುರು. ಗೂಡು ಮೆತ್ತಗಾದವು. ಅತ್ತೆ ಬಯ್ಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ ಸೊಸೆ ಮೋಡದ ಆಫೀಸರು. ಅವಳು ಬಿಸ್ಲು ಅಂದ ದಿನ ಕೊಡೆ ಮರೀಬೇಡಿ" ಎಂದು ಪರಿಚಯ ಮಾಡಿಕೊಡತೊಡಗಿದರು.

ಸಾರ್ ಹತ್ತಿರ ಹೇಳಿಕೊಂಡು ಕಣ್ಣೀರು ಹಾಕಿದೆ. ಅವರು, "ತಪ್ಪು ನಿಂದೇಮ್ಮ. ನಮ್ಮ ಕೆಲಸ ನೋಡೋದು. ನಾಳೆ ಹೆಂಗೆ ಅಂತ ಹೇಳೋರು ಬೇರೆ ಇದಾರೆ. ನೋಡಿದ್ದನ್ನ ಮಾತ್ರ ಬರಿ, ನೋಡಿದ್ದನ್ನ ಮಾತ್ರ ಹೇಳು" ಅಂದರು. ಆ ಮಾತನ್ನು ನಾನು ಪಾಲಿಸಿದ್ದರೆ ಈ ಕಥೆಯನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ನಡೆದದ್ದು ಹೀಗೆ. ಇನ್ನೊಬ್ಬ ವೀಕ್ಷಕರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಹವಾಮಾನಕ್ಕೆ ರಜೆಯಿಲ್ಲ, ಆದರೆ ವಾರದ ಏಳು ದಿನವೂ ಒಬ್ಬಳೇ ಎಂದರೆ ಹೇಗೆ? ಸಾರ್ ದಾರಿ ಹುಡುಕಿದರು. ಭಾನುವಾರ ಗೇಟಿಗೆ ಬೀಗ. ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆಯನ್ನು ಉಷ್ಣಮಾಪಕ ಹಿಡಿದಿಟ್ಟುಕೊಂಡಿರುತ್ತದೆ. ಗಾಳಿ ಎತ್ತಲಿಂದ ಎಷ್ಟು ಬೀಸಿತು ಎಂದು ಉರುಳೆಗೆ ಸುತ್ತಿದ ಕಾಗದದ ಮೇಲೆ ಮುಳ್ಳು ತಾನೇ ಗೆರೆ ಎಳೆದಿರುತ್ತದೆ. ಮಳೆ ಬಿದ್ದರೆ ನೀರು ಪಾತ್ರೆಯಲ್ಲೇ ಇರುತ್ತದೆ. ಇದನ್ನೆಲ್ಲ ಸೋಮವಾರ ಬೆಳಿಗ್ಗೆ ಬಂದು ಬರೆದುಕೊಳ್ಳಬಹುದು.

"ಮೋಡ ಸಾರ್?" ಎಂದು ಕೇಳಿದೆ. ಮೋಡ ಮಾತ್ರ ನಮಗಾಗಿ ಕಾಯುವುದಿಲ್ಲ.

ಸಾರ್ ಯೋಚಿಸಿದರು. "ನಿಮ್ಮ ಜಂಗಮಕೋಟೆ ಆಕಾಶಾನೂ ಇದೇ ಅಲ್ವಾ? ಹೊತ್ತಿಗೆ ಸರಿಯಾಗಿ ಮನೆ ಮುಂದೆ ನಿಂತು ನೋಡ್ಕೊ. ಸೋಮವಾರ ಬಂದು ಬರಿ" ಅಂದರು. ನಿಯಮದ ಪುಸ್ತಕಕ್ಕೆ ಇದು ಸರಿಹೋಗುತ್ತಿರಲಿಲ್ಲ, ಆದರೆ ಮೋಸವೇನೂ ಇರಲಿಲ್ಲ. ಮೋಸ ಮಾಡಿದವಳು ನಾನು.

ಮೊದಮೊದಲು ನೋಡಿದೆ. ಕ್ಯಾಲೆಂಡರಿನ ಹಾಳೆಯ ಹಿಂದೆ ಗುರುತು ಹಾಕಿಕೊಂಡು ಹೋಗುತ್ತಿದ್ದೆ. ಆದರೆ ಭಾನುವಾರ ನಮ್ಮ ಮನೆಗೆ ಕೂಲಿ ಹೆಂಗಸರು ಬರುತ್ತಿರಲಿಲ್ಲ. ಹುಳುಗಳಿಗೆ ಭಾನುವಾರ ಇಲ್ಲವಲ್ಲ! ಸೊಪ್ಪು ಕೊಯ್ಯುವುದು, ಹಾಕುವುದು, ತಟ್ಟೆಗಳ ಕಸ ತೆಗೆಯುವುದು, ಎಲ್ಲ ಅತ್ತೆ ಮತ್ತು ನಾನು. ಹುಳು ಮನೆಯ ಕಿಟಕಿಗೆಲ್ಲ ಗೋಣಿ ಕಟ್ಟಿರುತ್ತದೆ. ಒಳಗೆ ಹೋದರೆ ಹೊರಗೆ ಬಿಸಿಲೋ ಮೋಡವೋ ಒಂದೂ ತಿಳಿಯುವುದಿಲ್ಲ. ಕೈ ಕೆಲಸದಿಂದ ಬಿಡುವಾಗಿ ಹೊರಗೆ ಬಂದರೆ ಸಂಜೆಯಾಗಿರುತ್ತಿತ್ತು.

ಒಂದು ಸೋಮವಾರ ಪೆನ್ನು ಹಿಡಿದು ಕೂತೆ. ನಿನ್ನೆಯ ಮೋಡ ನೆನಪಾಗಲಿಲ್ಲ. ನೋಡಿದ್ದರೆ ತಾನೇ ನೆನಪಾಗುವುದು? ಖಾಲಿ ಬಿಟ್ಟರೆ ಸಾರ್ ಕೇಳುತ್ತಾರೆ. 'ಸಾಲು, ಮೂರು' ಎಂದು ಬರೆದೆ. ಯಾಕೆ ಸಾಲು ಎಂದರೆ, ನಾಲ್ಕು ಗೆರೆ ಎಳೆದರೆ ಚಿತ್ರ ಮುಗಿಯುತ್ತದೆ. ಯಾಕೆ ಮೂರು ಎಂದರೆ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ನೋಡಿದವರು ಪ್ರಶ್ನೆ ಎತ್ತುವುದಿಲ್ಲ. ಯಾರೂ ಎತ್ತಲಿಲ್ಲ. ಮುಂದಿನ ವಾರವೂ ಹಾಗೇ ಆಯಿತು. ಆಮೇಲೆ ಅದೇ ಅಭ್ಯಾಸವಾಯಿತು. ಒಂದೊಂದು ವಾರ ಎರಡು, ಒಂದೊಂದು ವಾರ ನಾಲ್ಕು ಎಂದು ಬದಲಾಯಿಸುತ್ತಿದ್ದೆ. ಕಳ್ಳತನಕ್ಕೂ ಒಂದು ನಾಜೂಕು ಬೇಕಲ್ಲ. ಸಾರ್ ನಿವೃತ್ತರಾದರು, ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಅವರಿಗೆ ಇದು ಗೊತ್ತಿರಲಿಲ್ಲ ಎಂದೇ ನಂಬಿದ್ದೇನೆ.

ಆಮೇಲೆ ಯಂತ್ರ ಬಂತು. ಅದಕ್ಕೆ ಮೋಡ ಕಾಣುವುದಿಲ್ಲವಾದ್ದರಿಂದ ಮೋಡದ ಕಾಲಮ್ಮನ್ನೇ ತೆಗೆದುಹಾಕಿದರು. ನಾನು ಮಾತ್ರ ನಿವೃತ್ತಿಯವರೆಗೂ ನಮ್ಮ ಪುಸ್ತಕದಲ್ಲಿ ಬರೆದೆ. ಹೊರಡುವ ದಿನ ಟ್ರಂಕನ್ನು ಮನೆಗೆ ತಂದೆ. ಅಷ್ಟರಲ್ಲಿ ಅತ್ತೆಯೂ ಇರಲಿಲ್ಲ. ಇದ್ದಿದ್ದರೆ ಆ ಟ್ರಂಕಿನ ಬಗ್ಗೆ ಒಂದು ವಾರ ಮಾತಾಡುತ್ತಿದ್ದರು.

ಟ್ರಂಕು ಮಂಚದ ಕೆಳಗೆ ತಣ್ಣಗೆ ಕೂತಿತ್ತು. ಹೀಗಿರುವಾಗ ಅಶ್ವಿನಿ ಬಂದಳು. ಚಿಂತಾಮಣಿಯ ಹುಡುಗಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೋಡಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಕ್ಷೇತ್ರದ ಹಳೆಯ ರಿಜಿಸ್ಟರು ನೋಡಲು ಹೋದಾಗ ಯಾರೋ ನನ್ನ ಹೆಸರು ಹೇಳಿದ್ದರು. ಟ್ರಂಕು ತೆರೆದು ತೋರಿಸಿದೆ. ಅವಳು ನೆಲದ ಮೇಲೆ ಕೂತು ಒಂದೊಂದೇ ಹಾಳೆ ತಿರುಗಿಸಿದಳು. ಕಣ್ಣಲ್ಲಿ ನೀರಿತ್ತು.

"ಆಂಟಿ, ಇದು ಎಂಥದ್ದು ಅಂತ ನಿಮಗೆ ಗೊತ್ತಾ?"

"ಕುಳ್ಳ ಮೋಡಗಳಮ್ಮ. ಮಳೆಗೂ ಇಲ್ಲ, ಬಿಸಿಲಿಗೂ ಇಲ್ಲ."

"ಭೂಮಿ ಬಿಸಿಯಾಗ್ತಾ ಇದೆ ಅಂತಾರಲ್ಲ ಆಂಟಿ, ಇನ್ನೆಷ್ಟು ಬಿಸಿಯಾಗ್ತದೆ ಅಂತ ಲೆಕ್ಕ ಹಾಕೋರಿಗೆ ದೊಡ್ಡ ತಲೆನೋವೇ ಈ ಕುಳ್ಳ ಮೋಡಗಳು. ಇವು ಬಿಸಿಲನ್ನ ಮೇಲಿಂದ ಮೇಲೇ ವಾಪಸ್ ಕಳಿಸ್ತವೆ. ಭೂಮಿಗೆ ಕೊಡೆ ಹಿಡಿದಂಗೆ. ಆದ್ರೆ ಹಾಸಾಗಿ ಕೂತ್ರೆ ಒಂದು ಥರ, ಕುಪ್ಪೆಯಾಗಿ ಕೂತ್ರೆ ಇನ್ನೊಂದು ಥರ. ಕೂತಿರೋ ರೀತಿ ಬದಲಾದ್ರೆ ಕೆಳಗಿಳಿಯೋ ಬಿಸಿಲೂ ಬದಲಾಗ್ತದೆ. ಬಿಸಿ ಜಾಸ್ತಿಯಾದಂಗೆ ಇವು ಚದುರಿಹೋದ್ರೆ ಕೊಡೆ ಹರಿದಂಗೆ, ಬಿಸಿ ಇನ್ನೂ ಏರ್ತದೆ. ಹಂಗಾಗ್ತದಾ ಇಲ್ವಾ, ಎಷ್ಟಾಗ್ತದೆ ಅಂತ ಇನ್ನೂ ಗಟ್ಟಿಯಾಗಿ ಯಾರಿಗೂ ಗೊತ್ತಿಲ್ಲ. ಉಪಗ್ರಹದ ಒಳ್ಳೆ ಚಿತ್ರಗಳು ಸಿಗೋದಕ್ಕೆ ಮುಂಚೆ ಇವು ಹೆಂಗೆ ಕೂತಿದ್ವು ಅಂತ ದಿನಾ ಬರೆದಿಟ್ಟೋರು ಎಲ್ಲಿದಾರೆ?"

ತುಂತುರು ಬಿದ್ದ ಮೇಲೆ ಹಾಸು ಹರಿದು ಜರಡಿಯಾಗುವುದನ್ನು ಸಾರ್ ಬರೆಸಿದ್ದರಲ್ಲ, ಆ ಹಾಳೆ ಬಂದಾಗ ಅವಳು ಎದ್ದೇ ನಿಂತಳು. ಇದನ್ನೇ ಈಗ ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ಹಡಗಿನಲ್ಲಿ, ವಿಮಾನದಲ್ಲಿ ಹೋಗಿ ಅಳೆಯುತ್ತಿದ್ದಾರಂತೆ. ಸಾರ್ ಇಟ್ಟ ನಾಲ್ಕು ಹೆಸರುಗಳನ್ನು ತನ್ನ ಪ್ರಬಂಧದಲ್ಲಿ ಹಾಗೇ ಕನ್ನಡದಲ್ಲೇ ಬಳಸುತ್ತೇನೆ, ಅವರ ಹೆಸರನ್ನೂ ಹಾಕುತ್ತೇನೆ ಅಂದಳು. ಆ ಕ್ಷಣದಲ್ಲಿ ಭಾನುವಾರಗಳು ನನಗೆ ನೆನಪೇ ಆಗಲಿಲ್ಲ. ದೇವರಾಣೆ ಆಗಲಿಲ್ಲ.

ಅಶ್ವಿನಿ ತಿಂಗಳುಗಟ್ಟಲೆ ಬಂದು ಹೋಗಿ ಪ್ರತಿ ಹಾಳೆಯ ಫೋಟೋ ತೆಗೆದುಕೊಂಡಳು. ಮನೆಮಗಳ ಹಾಗೆ ಆದಳು. ಒಂದು ಮಧ್ಯಾಹ್ನ ಪೇಡಾ ಡಬ್ಬಿ ಹಿಡಿದುಕೊಂಡು ಬಂದಳು. ಲ್ಯಾಪ್‌ಟಾಪ್ ತೆರೆದು ಏನೋ ಗೆರೆಗಳನ್ನು ತೋರಿಸಿದಳು. ಆರು ಗೆರೆ ಒಟ್ಟಿಗಿದ್ದವು, ಒಂದು ಬೇರೆಯಾಗಿ ನಿಂತಿತ್ತು.

"ಆಂಟಿ, ನಿಮ್ಮ ಪುಸ್ತಕದಿಂದ ಹೊಸದೊಂದು ಸಿಕ್ಕಿದೆ. ಇಲ್ಲಿ ನೋಡಿ, ಭಾನುವಾರ ಮೋಡಾನೇ ಬೇರೆ! ವಾರದ ದಿನ ಹಾಸು, ಕುಪ್ಪೆ, ಜರಡಿ, ಎಲ್ಲಾ ಬರ್ತವೆ. ಭಾನುವಾರ ಮಾತ್ರ ಮೋಡ ಕಡಿಮೆ, ಅದೂ ಬರೀ ಸಾಲು."

ಪೇಡಾ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ಕೈ ನಿಲ್ಲಿಸಿದೆ.

"ಯಾಕೆ ಹೇಳಿ ನೋಡಣ? ಕಲ್ಲು ಕ್ರಷರ್‌ಗಳು ಆಂಟಿ! ಈ ಸುತ್ತಲಿನ ಕ್ರಷರ್‌ಗಳಿಗೆ ಆಗ ಭಾನುವಾರ ರಜೆ. ಲಾರಿ ಓಡಾಟಾನೂ ಕಡಿಮೆ. ಧೂಳು ಕಡಿಮೆಯಾದ್ರೆ ಮೋಡದ ಹನಿಗಳ ಗಾತ್ರ ಬದಲಾಗ್ತದೆ, ತುಂತುರು ಬೀಳೋದು ಬದಲಾಗ್ತದೆ, ಕೂತ್ಕೊಳೋ ರೀತೀನೂ ಬದಲಾಗ್ತದೆ. ಇತ್ತೀಚಿನ ಉಪಗ್ರಹ ಚಿತ್ರದಲ್ಲಿ ಇದು ಕಾಣಲ್ಲ, ಯಾಕಂದ್ರೆ ಈಗ ಕ್ರಷರ್ ಭಾನುವಾರಾನೂ ಓಡ್ತವೆ. ಎಲ್ಲಾ ಹೊಂದ್ಕೊಂಡುಬಿಡ್ತು! ಇನ್ನು ಹದಿನೈದು ದಿನಕ್ಕೆ ದೊಡ್ಡ ದೊಡ್ಡವರ ಮುಂದೆ ಇದನ್ನ ಹೇಳ್ಬೇಕು. ನಮ್ಮ ಗೈಡ್ ಅಂತೂ ಕುಣಿದಾಡ್ತಿದಾರೆ."

ಬುದ್ಧಿವಂತರ ಮುಂದೆ ಒಂದು ಸುಳ್ಳು ಇಟ್ಟರೆ ಅದಕ್ಕೆ ಅವರೇ ಎಷ್ಟು ಒಳ್ಳೆಯ ಕಾರಣ ಹುಡುಕಿಕೊಡುತ್ತಾರೆ ಎಂದು ನನಗೆ ಆವತ್ತು ಗೊತ್ತಾಯಿತು. ಭಾನುವಾರ ರಜೆ ಇದ್ದದ್ದು ಕ್ರಷರಿಗಲ್ಲ, ನನ್ನ ಕಣ್ಣಿಗೆ. ಆದರೂ "ಒಳ್ಳೇದಾಗ್ಲಿ ತಾಯಿ" ಎಂದು ಪೇಡಾ ಬಾಯಿಗೆ ಹಾಕಿಕೊಂಡೆ.

ಯಜಮಾನರ ಹತ್ತಿರ ಹೇಳಿಕೊಂಡೆ. ಅವರು ಶಾಂತ ಮನುಷ್ಯರು. "ಹೋಗ್ಲಿ ಬಿಡೇ. ಆಗಿನ ಭಾನುವಾರದ ಮೋಡ ಹೆಂಗಿತ್ತು ಅಂತ ಈಗ ಯಾರು ಹೋಗಿ ನೋಡ್ಕೊಂಡು ಬರ್ತಾರೆ?" ಅಂದರು. ಅದೇ ನನ್ನ ಸಂಕಟವಾಗಿತ್ತು. ಯಾರೂ ಹೋಗಿ ನೋಡಲಾರರು. ನಾನು ಬಾಯಿ ಮುಚ್ಚಿಕೊಂಡರೆ ಅದೇ ನಿಜವಾಗಿ ನಿಂತುಬಿಡುತ್ತದೆ. ಅದರ ಮೇಲೆ ಇನ್ನೊಬ್ಬರು ಕಟ್ಟುತ್ತಾರೆ. ಅಶ್ವಿನಿ ಹತ್ತು ಜನರ ಮುಂದೆ ನನ್ನ ಸುಳ್ಳನ್ನು ತನ್ನ ಬಾಯಲ್ಲಿ ಹೇಳುತ್ತಾಳೆ.

ಹೇಳಿಬಿಟ್ಟರೆ? ಭಾನುವಾರ ಸುಳ್ಳು ಬರೆದವಳು ಮಂಗಳವಾರ ನಿಜ ಬರೆದಳು ಎಂದು ಯಾರು ನಂಬುತ್ತಾರೆ? ಇಡೀ ಟ್ರಂಕು ರದ್ದಿಗೆ ಹೋಗುತ್ತದೆ. ಬಿಸಿಲು ಚಳಿ ಎನ್ನದೆ ಬೆಂಚಿನ ಮೇಲೆ ಒರಗಿ ನೋಡಿದ ಅಷ್ಟೂ ದಿನಗಳು, ಸಾರ್ ಇಟ್ಟ ಹೆಸರುಗಳು, ಅವರು ಕಂಡುಹಿಡಿದ ಜರಡಿ, ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ನನ್ನ ಮಾನ ಹೋದರೆ ಹೋಗಲಿ, ಸಾರ್ ಏನು ತಪ್ಪು ಮಾಡಿದ್ದರು? ಒಂಬತ್ತು ದಿನ ಹೀಗೇ ಕಳೆದೆ. ಊಟ ಸೇರಲಿಲ್ಲ. ಹತ್ತನೆಯ ದಿನ ಫೋನ್ ಮಾಡಿ, "ಒಂದ್ಸಲ ಬಂದು ಹೋಗಮ್ಮ" ಅಂದೆ.

ಬಂದಳು. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟೆ. ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ.

"ಅಶ್ವಿನಿ, ಭಾನುವಾರ ನಾನು ಮೋಡ ನೋಡಿಲ್ಲ. ಸೋಮವಾರ ಬಂದು ಮನಸ್ಸಿಗೆ ತೋಚಿದ್ದು ಬರೀತಿದ್ದೆ. ಸಾಲು ಎಳೆಯೋದು ಸುಲಭ ಅಂತ ಸಾಲು ಎಳೀತಿದ್ದೆ. ಕ್ರಷರೂ ಇಲ್ಲ, ಧೂಳೂ ಇಲ್ಲ ಕಣಮ್ಮ."

ಅವಳು ಲೋಟ ಕೆಳಗಿಟ್ಟಳು. ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಗ್ಗಿಸಲಿಲ್ಲ, ಅಷ್ಟಾದರೂ ಮಾಡಬೇಕು ಅಂದುಕೊಂಡಿದ್ದೆ.

"ಎಲ್ಲಾ ಭಾನುವಾರಾನಾ?"

"ಇನ್ನೊಬ್ಬ ವೀಕ್ಷಕರು ವರ್ಗವಾಗಿ ಹೋದ ಮೇಲಿಂದು, ಮೊದಲನೇ ಕೆಲವು ಬಿಟ್ಟು ಎಲ್ಲಾ."

"ಅವತ್ತೇ ಯಾಕೆ ಹೇಳ್ಲಿಲ್ಲ ಆಂಟಿ? ಪೇಡಾ ತಂದ ದಿನ?"

"ಹೆದರಿಕೆ ಆಯ್ತಮ್ಮ" ಅಂದೆ.

"ನಮ್ಮ ಗೈಡ್‌ಗೆ ನಾನು ಏನಂತ ಹೇಳ್ಲಿ?"

"ಫೋನ್ ಹಚ್ಚಿಕೊಡು, ನಾನೇ ಹೇಳ್ತೀನಿ. ಬಯ್ಯೋದಿದ್ರೆ ನನ್ನನ್ನೇ ಬಯ್ಯಲಿ."

ಬೇಡ ಎಂದು ತಲೆಯಾಡಿಸಿದಳು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. "ಬರ್ತೀನಿ" ಎಂದಳೇ ಹೊರತು ಗೇಟಿನವರೆಗೂ ತಿರುಗಿ ನೋಡಲಿಲ್ಲ. ಅವಳ ಸ್ಕೂಟಿ ಹೋದ ಮೇಲೆ ನಾನು ಒಳಗೆ ಬಂದು ಅತ್ತುಬಿಟ್ಟೆ. ವಯಸ್ಸಾದವಳು ಅತ್ತರೆ ನೋಡಲು ಚೆನ್ನಾಗಿರುವುದಿಲ್ಲ ಎಂದು ಯಜಮಾನರು ಬಾಗಿಲು ಮುಂದೆ ಮಾಡಿದರು.

ಅವಳಿಂದ ಫೋನ್ ಬರಲಿಲ್ಲ. ನಾನು ಟ್ರಂಕು ಎಳೆದು, ಇನ್ನೊಬ್ಬ ವೀಕ್ಷಕರು ಹೋದ ಮೇಲಿನ ಒಂದೊಂದು ಪುಸ್ತಕದ ಮೊದಲ ಹಾಳೆಯಲ್ಲೂ ಕೆಂಪು ಪೆನ್ನಿನಲ್ಲಿ 'ಇದರಲ್ಲಿ ಭಾನುವಾರಗಳದ್ದು ನೋಡಿ ಬರೆದದ್ದಲ್ಲ' ಎಂದು ಬರೆದು ಸಹಿ ಹಾಕಿದೆ. ನಾರಾಯಣಸ್ವಾಮಿ ಸಾರ್‌ಗೆ ಇದು ತಿಳಿದಿರಲಿಲ್ಲ ಎಂದೂ ಬರೆದೆ. ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳೇ, ಖಾಲಿ ಬಿಡುವುದಕ್ಕೆ ಹೆದರಬೇಡಿ. ನೋಡಲಿಲ್ಲ ಎಂದರೆ ನೋಡಲಿಲ್ಲ ಎಂದೇ ಬರೆಯಿರಿ. ಖಾಲಿ ಬಿಟ್ಟಿದ್ದಕ್ಕೆ ಒಂದು ದಿನ ಬಯ್ಯಿಸಿಕೊಂಡರೆ ಮುಗಿದುಹೋಗುತ್ತಿತ್ತು.

ಎರಡು ವಾರದ ಮೇಲೆ ಅಶ್ವಿನಿ ಬಂದಳು. ಸೋತವಳ ಹಾಗಿದ್ದಳು, ಆದರೆ ಮುಖ ಗಂಟಿಕ್ಕಿರಲಿಲ್ಲ. ಜಗಲಿಯ ಮೇಲೆ ಅವಳೇ ಜಾಗ ಮಾಡಿಕೊಂಡು ಕೂತಳು.

"ದೊಡ್ಡವರ ಮುಂದೆ ಹೇಳೋದು ತಪ್ಪಿಹೋಯ್ತು ಆಂಟಿ. ಆ ಸಂಶೋಧನೆ ಕಥೆ ಮುಗೀತು. ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು, ನಾಲ್ಕು ದಿನ ಪುಸ್ತಕಾನೇ ಮುಟ್ಟಲಿಲ್ಲ. ಆಮೇಲೆ ಗೈಡ್ ಒಂದು ಮಾತು ಹೇಳಿದ್ರು. ನೋಡ್ದೆ ಬರೆದ್ರೆ ಹೆಂಗಿರ್ತದೆ ಅಂತ ಭಾನುವಾರ ನಮಗೆ ತೋರಿಸಿಕೊಟ್ಟಿದೆ, ಬಾಕಿ ಆರು ದಿನ ಹಂಗಿದೆಯಾ ನೋಡು ಅಂದ್ರು."

"ಹಂಗಿದೆಯಾ?" ಎಂದು ಕೇಳಿದೆ.

"ಇಲ್ಲ ಆಂಟಿ. ಆರು ದಿನದಲ್ಲಿ ಒಂದು ದಿನಾನೂ ಹಂಗಿಲ್ಲ. ಗಾಳಿ ಬದಲಾದ್ರೆ ನಿಮ್ಮ ಮೋಡ ಬದಲಾಗ್ತದೆ, ತುಂತುರು ಬಿದ್ರೆ ಬದಲಾಗ್ತದೆ. ಭಾನುವಾರದ ಮೋಡಕ್ಕೆ ಗಾಳಿಯ ಪರಿವೇನೇ ಇಲ್ಲ. ನೀವು ಆರು ದಿನಾನೂ ನಿಜವಾಗ್ಲೂ ನೋಡಿದೀರಿ ಅನ್ನೋದಕ್ಕೆ ಆ ಸುಳ್ಳೇ ಸಾಕ್ಷಿ. ಭಾನುವಾರ ತೆಗೆದುಹಾಕ್ತೀವಿ, ಮಿಕ್ಕಿದ್ದನ್ನ ಇಟ್ಕೊತೀವಿ. ಸಾರ್ ಹೆಸರೂ ಇರ್ತದೆ, ನಿಮ್ಮ ಹೆಸರೂ ಇರ್ತದೆ."

ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು, ಒಂದು ಹಾಳೆಯ ಚಿತ್ರ ತೋರಿಸಿದಳು.

"ಇದೊಂದು ಮಾತ್ರ ಅರ್ಥ ಆಗ್ತಿಲ್ಲ. ಇದೂ ಭಾನುವಾರವೇ. ಆದ್ರೆ 'ಜರಡಿ, ಐದು' ಅಂತಿದೆ. ತೂತುಗಳನ್ನ ಒಂದೊಂದಾಗಿ ಬರೆದಿದೀರಿ. ಆ ದಿನದ ಗಾಳಿಗೂ ಹೊಂದ್ತದೆ. ತೆಗೀಲಾ, ಇಟ್ಕೊಳ್ಲಾ?"

ಕನ್ನಡಕ ಹಾಕಿಕೊಂಡು ನೋಡಿದೆ. ನೋಡುತ್ತಿದ್ದಂತೆ ನನಗೆ ನಗು ಬಂತು. ಆವತ್ತು ಹುಳು ಮನೆಯಲ್ಲಿ ಅತ್ತೆಗೂ ನನಗೂ ಜೋರು ಜಗಳ. ಸೊಪ್ಪು ದಪ್ಪಗೆ ಹೆಚ್ಚಿದ್ದೀಯ ಎಂದು ಅವರು ಅಂದರು, ನೀವೇ ಹೆಚ್ಚಿಕೊಳ್ಳಿ ಎಂದು ನಾನು ಕತ್ತಿ ಬಿಸಾಕಿ ಹೊರಗೆ ಬಂದೆ. ತೋಟದ ಬದುವಿನ ಮೇಲೆ ಅಂಗಾತ ಬಿದ್ದುಕೊಂಡೆ. ಸಿಟ್ಟಿನಲ್ಲಿ ಬೇರೆ ಏನು ಮಾಡಲಿಕ್ಕೂ ತೋಚದೆ ಆಕಾಶ ಗುಡಿಸುತ್ತಿದ್ದೆ. ಅರ್ಧ ಗಂಟೆ ಕಳೆದಿರಬಹುದು. ಅತ್ತೆ ಬಂದು, ಸೆರಗಿನಿಂದ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತರು. ಕ್ಷಮೆ ಕೇಳುವ ಪೈಕಿ ಅವರಲ್ಲ, ನಾನೂ ಅಲ್ಲ. ಆಮೇಲೆ ಅವರು ತಲೆಯೆತ್ತಿ, "ಎಷ್ಟಮ್ಮಾ ಇವತ್ತು?" ಎಂದು ಕೇಳಿದರು.

"ಐದು" ಅಂದೆ.

"ನಂಗೆ ಏಳು ಕಾಣ್ತದೆ" ಅಂದರು. ಅವರ ಪಕ್ಕಕ್ಕೆ ಸರಿದು, ಅಂಚನ್ನು ಯಾಕೆ ಅರ್ಧ ನಂಬಬೇಕು, ನೆತ್ತಿಯ ಮೇಲಿನ ತೂತುಗಳನ್ನು ಹೇಗೆ ಎಣಿಸಬೇಕು ಎಂದು ಬೆರಳು ತೋರಿಸಿ ಹೇಳಿಕೊಟ್ಟೆ. ಅವರು ಒಂದೊಂದಾಗಿ ಎಣಿಸಿದರು.

ಇದನ್ನೆಲ್ಲ ಅಶ್ವಿನಿಗೆ ಹೇಳಿದೆ. ಅವಳು ಫೋನಿನಲ್ಲಿ ಏನೋ ಗುರುತು ಹಾಕಿಕೊಂಡಳು. ಅವಳ ಲೆಕ್ಕದಲ್ಲಿ ಈಗ ಆ ಒಂದು ಭಾನುವಾರವಿದೆ. ವೀಕ್ಷಕರು ಇಬ್ಬರು ಎಂದು ಬರೆದುಕೊಂಡಿದ್ದಾಳೆ.